ಪರರ ಅಂಗಡಿಯಲ್ಲಿ ಬಾಲ ಅಲ್ಲಾಡಿಸಿದ ಲ್ಯಾಪ್‌ಟಾಪ್

ನಾನು ಒಮ್ಮೆ ಸೀನಿದ ರಭಸಕ್ಕೆ ಮೂರು ಬೀದಿಗಳಾಚೆ ಅಟ್ಟದ ಮೇಲೆ ಅಡಗಿದ್ದ ಕಳ್ಳನೊಬ್ಬ ಬೆಚ್ಚಿಬಿದ್ದು, ಕದ್ದ ಮಾಲನ್ನು ತಲೆಯ ಮೇಲೆ ಹೊತ್ತುಕೊಂಡು, ತಾನಾಗಿಯೇ ಪೊಲೀಸ್ ಠಾಣೆಗೆ ನಡೆದುಹೋಗಿದ್ದ. ಠಾಣೆಯಲ್ಲಿ ವಿಚಾರಿಸಿದಾಗ, "ನೆಗಡಿ ಇರೋವಾಗಲೇ ಅವರದು ಈ ಪ್ರತಾಪ. ಮೈ ನೆಟ್ಟಗಿದ್ದಿದ್ರೆ ನನ್ನ ಗತಿ ಏನಾಗ್ತಿತ್ತು" ಎಂದು ಅತ್ತನಂತೆ.

ಅಂಥ ನಾನು ಆ ಮಧ್ಯಾಹ್ನ, ಫೋಟೊಗಳಿಗೆ ಕಟ್ಟು ಹಾಕುವ ಅಂಗಡಿಯೊಂದರ ಮರದ ಸ್ಟೂಲಿನ ಮೇಲೆ, ತೊಡೆಯ ಮೇಲೊಂದು ಲ್ಯಾಪ್‌ಟಾಪ್ ಇಟ್ಟುಕೊಂಡು ಉಸಿರು ಬಿಗಿಹಿಡಿದು ಕೂತಿದ್ದೆ.

ಲ್ಯಾಪ್‌ಟಾಪ್ ನನ್ನದಲ್ಲ, ನನ್ನ ಕಕ್ಷಿದಾರನ ಹೆಂಡತಿಯದು. ನನ್ನ ಈ ಪತ್ತೇದಾರಿ ಧಾರಾವಾಹಿಯನ್ನು ಹೊಸದಾಗಿ ಓದುವವರಿಗೆ ಒಂದೇ ಮಾತು: ಅವಳು ಕಟ್ಟುಹಲ್ಲು ತಯಾರಿಸುವವಳು, ಅವನು ಅನುಮಾನ ಪಡುವವನು.

ಅವನ ಹೆಸರು ಹೇಳುವಂತಿಲ್ಲ. ಗುಟ್ಟು ಕಾಪಾಡುವುದರಲ್ಲಿ ನನ್ನ ಹೊಟ್ಟೆ ಬ್ಯಾಂಕಿನ ತಿಜೋರಿಗಿಂತ ಗಟ್ಟಿ. ಇಷ್ಟು ಮಾತ್ರ ಹೇಳಬಲ್ಲೆ: ಅವನಿಗೆ ಬೇಕಾಗಿದ್ದದ್ದು ಒಂದೇ ಉತ್ತರ. ಅವಳ ಮನಸ್ಸು ಇನ್ನೂ ಮನೆಯಲ್ಲೇ ಇದೆಯೋ, ಬೇರೆಲ್ಲೋ ಹೋಗಿದೆಯೋ. ಹೋಗಿದೆ ಅನ್ನುವುದಕ್ಕೆ ಪುರಾವೆ ಸಿಕ್ಕಿದರೆ ಅಂದೇ ಗಂಟುಮೂಟೆ ಕಟ್ಟಿಕೊಂಡು ಬೇರೆ ಮನೆ ನೋಡಿಕೊಳ್ಳುವುದಾಗಿ ಅವನು ಶಪಥ ಮಾಡಿದ್ದ. ಗಂಟುಮೂಟೆ ಆಗಲೇ ಮಂಚದ ಕೆಳಗೆ ಸಿದ್ಧವಾಗಿತ್ತು.

ಮುಚ್ಚಳ ತೆರೆದೆ.

ಪರದೆ ಬೆಳಗಿತು. ಮೂಲೆಯಲ್ಲಿ ವೈಫೈಯ ಪುಟ್ಟ ಕಮಾನುಗಳು ಒಂದು ಗಳಿಗೆ ಮಂಕಾಗಿ ಮಿಟುಕಿ, ಆಮೇಲೆ ಒಂದರ ಮೇಲೊಂದರಂತೆ ಬೆಳ್ಳಗೆ ತುಂಬಿಕೊಂಡವು. ಪಾಸ್‌ವರ್ಡ್ ಕೇಳಲಿಲ್ಲ. ಯಾರು, ಏನು, ಎತ್ತ ಅನ್ನಲಿಲ್ಲ. ತುಂಬಾ ದಿನದ ಮೇಲೆ ಯಜಮಾನನನ್ನು ಕಂಡ ನಾಯಿ ಬಾಲ ಅಲ್ಲಾಡಿಸಿಕೊಂಡು ಓಡುವಂತೆ ಹೋಗಿ ಸೇರಿಕೊಂಡೇಬಿಟ್ಟಿತು.

'ಹೋಮ್ ೭೭೩. ಸಂಪರ್ಕಗೊಂಡಿದೆ.'

ಆ ಹೆಸರನ್ನು ಒತ್ತಿ ನೋಡಿದೆ. 'ತಾನಾಗಿಯೇ ಸಂಪರ್ಕಿಸು' ಎಂಬ ಸಾಲಿನ ಮುಂದೆ ಟಿಕ್ ಗುರುತು ಕಾಲು ಚಾಚಿ ಕೂತಿತ್ತು.

ಈ ವಿದ್ಯೆಯಲ್ಲಿ ಪ್ರಪಂಚದಲ್ಲಿ ನನ್ನಷ್ಟು ತಿಳಿದವರು ಇಬ್ಬರೇ. ಇನ್ನೊಬ್ಬನಿಗೆ ಹೇಳಿಕೊಟ್ಟವನೂ ನಾನೇ. ಆದ್ದರಿಂದ ಕೇಳಿ. ಲ್ಯಾಪ್‌ಟಾಪ್ ಹೊಸ ಜಾಗಕ್ಕೆ ಹೋದಾಗ ಒಂದು ಸಲ ಪಾಸ್‌ವರ್ಡ್ ಬೇಡುತ್ತದೆ. ಆ ಟಿಕ್ ಗುರುತನ್ನು ತೆಗೆಯದೆ ಬಿಟ್ಟರೆ ಮುಂದೆ ಎಂದೂ ಕೇಳುವುದಿಲ್ಲ, ಮನೆ ಅಳಿಯನ ಹಾಗೆ ನೇರ ಒಳಗೆ. ಅಂದರೆ ಈ ಲ್ಯಾಪ್‌ಟಾಪ್ ಈ ಅಂಗಡಿಗೆ ಹೊಸದಲ್ಲ.

ಬೆಳಗ್ಗೆಯಿಂದ ಅದನ್ನು ವಾಸನೆ ಹಿಡಿಯುವ ಪೊಲೀಸ್ ನಾಯಿಯಂತೆ ಊರೆಲ್ಲ ತಿರುಗಿಸಿದ್ದೆ. ಅನುಮಾನಿತರು ಮೂವರು. ಮೊದಲನೆಯವನು ಅವಳಿಗೆ ಕೆಲಸ ಕೊಡುವ ದಂತವೈದ್ಯ. ಅವನ ನಗೆ ಎಷ್ಟು ಬಿಳಿಯೆಂದರೆ ಕರೆಂಟು ಹೋದಾಗ ರೋಗಿಗಳು ಅದರ ಬೆಳಕಿನಲ್ಲೇ ವಾರಪತ್ರಿಕೆ ಓದುತ್ತಾರೆ. ಅವನ ಕ್ಲಿನಿಕ್‌ನಲ್ಲಿ ಲ್ಯಾಪ್‌ಟಾಪ್ ಪಾಸ್‌ವರ್ಡ್ ಕೇಳಿತು. ಎರಡನೆಯವನು ಅವಳಿಗೆ ಈಜು ಕಲಿಸುವವನು. ಅವನ ಭುಜ ಬಾಗಿಲಲ್ಲಿ ಹಿಡಿಸದೆ ಪಕ್ಕಕ್ಕೆ ತಿರುಗಿ ಒಳಗೆ ಬರಬೇಕು. ಆ ಭುಜಗಳನ್ನು ನೆನೆದು ನನ್ನ ಕಕ್ಷಿದಾರ ಎಷ್ಟೋ ರಾತ್ರಿ ಹೊರಳಾಡಿದ್ದ. ಅಲ್ಲೂ ಪಾಸ್‌ವರ್ಡ್ ಕೇಳಿತು.

ಮೂರನೆಯವನು ಇವನು, ಚೌಕಟ್ಟಿನವನು.

ಷರ್ಟಿನ ತೋಳು ಮಡಚಿ, ಕಿವಿಯ ಸಂದಿಯಲ್ಲಿ ಪೆನ್ಸಿಲ್ ಸಿಕ್ಕಿಸಿಕೊಂಡು, ಮರದ ಪಟ್ಟಿಯ ಮೂಲೆಯನ್ನು ಉಜ್ಜುಕಾಗದದಿಂದ ತಿಕ್ಕುತ್ತಿದ್ದ. ತಿಕ್ಕಿ, ಉಫ್ ಎಂದು ಊದಿ, ಬೆರಳಿನಿಂದ ಸವರಿ ನೋಡುತ್ತಿದ್ದ. ಮಾತು ಕಡಿಮೆ. ಕಡಿಮೆ ಮಾತಿನ ಗಂಡಸರನ್ನು ನನ್ನ ಕಕ್ಷಿದಾರ ಮೊದಲಿಂದಲೂ ನಂಬುವುದಿಲ್ಲ. ಬಾಯಲ್ಲಿ ಖರ್ಚು ಮಾಡದ್ದನ್ನೆಲ್ಲ ಅವರು ಎಲ್ಲಿ ಕೂಡಿಡುತ್ತಾರೆ ಎಂಬುದು ಅವನ ಚಿಂತೆ.

ಇವನ ಮೇಲೆ ಸುಳಿವುಗಳು ರಾಶಿ ಬಿದ್ದಿದ್ದವು. ಅವಳ ಚಪ್ಪಲಿಯ ಮೇಲೆ ಬಿಳಿ ಪುಡಿ. ಹಲ್ಲಿನ ಅಚ್ಚು ತೆಗೆಯುವವರ ಮನೆಯಲ್ಲಿ ಬಿಳಿ ಪುಡಿ ಇದ್ದೇ ಇರುತ್ತದೆ ಅನ್ನಬಹುದು. ಆದರೆ ಈ ಪುಡಿಯಲ್ಲಿ ಮರದ ವಾಸನೆ ಇತ್ತು. ಚಪ್ಪಲಿ ಮೂಸಿ ನೋಡಿದವನು ನನ್ನ ಕಕ್ಷಿದಾರ, ನಾನಲ್ಲ. ಇತ್ತೀಚೆಗೆ ಅವಳು ಪಾತ್ರೆ ತೊಳೆಯುವಾಗ ಹಾಡು ಗುನುಗುತ್ತಿದ್ದಳಂತೆ. ಗಂಡನ ಜೋಕಿಗೆ ತಕ್ಷಣ ನಗುತ್ತಿದ್ದವಳು ಈಗ ಸ್ವಲ್ಪ ತಡವಾಗಿ ನಗುತ್ತಿದ್ದಳಂತೆ.

ಈಗ ಈ ಹೆಸರು ಬೇರೆ. ಹೋಮ್. ಗರಗಸ, ಮೊಳೆ, ಗಾಜಿನ ಚೂರು ತುಂಬಿದ ಅಂಗಡಿಗೆ ಮನೆ ಎಂದು ಹೆಸರಿಡುವವನ ಮನಸ್ಸಿನಲ್ಲಿ ಏನಿರಬೇಕು? ಯಾರ ಮನೆ? ಯಾರ ಜೊತೆ?

ನನ್ನ ಕಿವಿ ಬಿಸಿಯಾಯಿತು. ಕಕ್ಷಿದಾರನ ಪರವಾಗಿ.

ಅಷ್ಟರಲ್ಲಿ ಫೋನ್ ನಡುಗಿತು. ಅಕ್ಕ. ನನ್ನ ಪತ್ತೇದಾರಿ ಕಚೇರಿಯ ಬಾಗಿಲ ಬಳಿ ಮೇಜು ಹಾಕಿಕೊಂಡು ಕೂರುವವಳು ನನ್ನ ಸ್ವಂತ ಅಕ್ಕ.

"ಎಲ್ಲಿದ್ದೀಯೋ?"

"ಅಪಾಯದ ಜಾಗದಲ್ಲಿದ್ದೀನಿ ಅಕ್ಕ" ಎಂದು ಪಿಸುಗುಟ್ಟಿದೆ. "ಸುತ್ತ ಗರಗಸ. ಜೀವ ಕೈಯಲ್ಲಿ ಹಿಡ್ಕೊಂಡು ಕೂತಿದ್ದೀನಿ."

"ಬರೋವಾಗ ಬಚ್ಚಲಿಗೆ ಒಂದು ಬಲ್ಬ್ ತಗೊಂಡು ಬಾ. ಅಲ್ಲ ಕಣೋ, ದೊಡ್ಡ ಕೇಸು ದೊಡ್ಡ ಕೇಸು ಅಂತ ಓಡಾಡ್ತಿದ್ದೀಯಲ್ಲ, ಯಾರದ್ದೋ ಅದು? ಬಾಗಿಲಲ್ಲಿ ಕೂತಿರೋಳು ನಾನು. ಈಚೆಗೆ ಮೆಟ್ಟಿಲು ಹತ್ತಿ ಬಂದವನು ಒಬ್ಬನೇ. ಅವನೂ ಕೆಳಗಿನ ಚಪ್ಪಲಿ ಅಂಗಡಿ ಅಂತ ತಪ್ಪಿ ಬಂದಿದ್ದ."

"ದೊಡ್ಡ ಕುಳಗಳು ಬಾಗಿಲಿಂದ ಬರಲ್ಲ ಅಕ್ಕ."

"ಕಿಟಕಿಯಿಂದ ಬರ್ತಾರಾ? ಮುಖ ಎಷ್ಟು ಬಾಡಿಹೋಗಿದೆ ನೋಡ್ಕೋ. ಯಾರದ್ದೋ ಮನೆ ಕೇಸಿಗೆ ಊಟ ಬಿಡ್ತಾರೇನೋ ಯಾರಾದ್ರೂ?"

ಅಕ್ಕನಿಗೆ ಪತ್ತೇದಾರಿಕೆಯ ಗಂಧಗಾಳಿ ಇಲ್ಲ. ಫೋನ್ ಇಟ್ಟೆ. ಲ್ಯಾಪ್‌ಟಾಪನ್ನು ಅಂಗೈ ಮೇಲೆ ಹಿಡಿದು, ಹುಲಿ ಎದ್ದಂತೆ ಎದ್ದೆ. ಸ್ಟೂಲು ಬಿತ್ತು. ಅದು ನನ್ನ ತಂತ್ರದ ಭಾಗ.

"ನಿಮ್ಮ ಅಂಗಡಿಗೆ ಒಬ್ಬಳು ಹೆಂಗಸು ಬರ್ತಾಳೆ" ಅಂದೆ.

"ತುಂಬಾ ಜನ ಬರ್ತಾರೆ ಸರ್" ಅಂದ ಚೌಕಟ್ಟಿನವನು ಸ್ಟೂಲು ಎತ್ತಿ ನಿಲ್ಲಿಸುತ್ತ. "ಮದುವೆ ಫೋಟೊ ತರ್ತಾರೆ, ಸತ್ತವರ ಫೋಟೊ ತರ್ತಾರೆ. ಎರಡಕ್ಕೂ ಹಾಕೋ ಗಾಜು ಒಂದೇ."

"ಕಟ್ಟುಹಲ್ಲು ಮಾಡೋಳು."

ಉಜ್ಜುಕಾಗದ ಹಿಡಿದ ಕೈ ನಿಂತಿತು. ಅವನ ಕಣ್ಣು ಅಂಗಡಿಯ ಹಿಂದಿನ ಕೋಣೆಗೆ ಹಾಕಿದ್ದ ದಪ್ಪ ಪರದೆಯ ಕಡೆ ಹೋಗಿ ಬಂತು. ಬೇರೆ ಯಾರಾಗಿದ್ದರೂ ಗಮನಿಸುತ್ತಿರಲಿಲ್ಲ. ನಾನು ನೊಣದ ಕಣ್ಣೀರನ್ನೂ ಗಮನಿಸುವವನು.

"ಅವರು ನಿಮಗೇನಾಗಬೇಕು ಸರ್?"

"ನನಗೇನೂ ಆಗಬೇಕಾಗಿಲ್ಲ. ನನ್ನ ಕಕ್ಷಿದಾರನಿಗೆ ಹೆಂಡತಿ ಆಗಬೇಕು. ಇದು ಅವಳ ಲ್ಯಾಪ್‌ಟಾಪ್. ಇಲ್ಲಿ ತೆರೆದ ಕೂಡಲೇ ತಾನಾಗಿಯೇ ನಿಮ್ಮ ವೈಫೈಗೆ ಸೇರಿಕೊಳ್ತು. ಒಂದ್ಸಲವಾದ್ರೂ ಯಾರೋ ಇದಕ್ಕೆ ಪಾಸ್‌ವರ್ಡ್ ಹೊಡೆದಿರಲೇಬೇಕು. ಕೊಟ್ಟೋರು ಯಾರು?"

"ನಾನು ಯಾರಿಗೂ ಕೊಟ್ಟಿಲ್ಲ. ನನಗೇ ಅದು ಬಾಯಿಗೆ ಬರಲ್ಲ. ಡಬ್ಬಿ ಕೆಳಗಡೆ ಅಚ್ಚು ಹಾಕಿದೆ, ಬೇಕಾದಾಗ ನೋಡ್ಕೋತೀನಿ."

"ಹಾಗಾದ್ರೆ ಲ್ಯಾಪ್‌ಟಾಪಿಗೆ ಕನಸು ಬಿತ್ತಾ?"

"ಈ ಲ್ಯಾಪ್‌ಟಾಪನ್ನ ಇವತ್ತೇ ಸರ್ ನಾನು ನೋಡ್ತಿರೋದು."

"ಹೋಮ್ ಅಂತ ಹೆಸರು ಯಾಕಿಟ್ರಿ?"

"ನಾನಿಟ್ಟಿದ್ದಲ್ಲ. ಹಾಗೇ ಬಂತು." ಅವನು ಸ್ವಲ್ಪ ಯೋಚಿಸಿ, "ಬೇಡ ಅಂದ್ರೆ ಆ ಹೆಸರಿನ ಪಕ್ಕದಲ್ಲೇ 'ಮರೆತುಬಿಡು' ಅಂತ ಇರುತ್ತಲ್ಲ ಸರ್. ಒತ್ತಿಬಿಟ್ರೆ ಆಯ್ತು" ಅಂದ.

ಒತ್ತಿಬಿಟ್ಟರೆ ಆಯಿತಂತೆ. ಎಷ್ಟು ಸಲೀಸಾಗಿ ಹೇಳಿದ. ವಾರಗಟ್ಟಲೆ ಛಾವಣಿ ನೋಡುತ್ತ ಮಲಗಿದ ನನ್ನ ಕಕ್ಷಿದಾರನಿಗೆ ಆ ಗುಂಡಿಯನ್ನು ಯಾವ ಕಂಪನಿಯವರು ಮಾಡಿಕೊಡುತ್ತಾರೆ?

"ಡಬ್ಬಿ ತೋರಿಸ್ರೀ" ಅಂದೆ. ನನ್ನ ದನಿಗೆ ಗೋಡೆಯ ಮೇಲಿನ ಚೌಕಟ್ಟುಗಳೆಲ್ಲ ಒಮ್ಮೆ ಗಡಗಡನೆ ಅಲುಗಿದವು. ಲಾರಿಯೊಂದು ಹೊರಗೆ ಹೋಗಿದ್ದೂ ಅದೇ ಹೊತ್ತಿಗೆ.

ಅವನು ಏಣಿ ಹತ್ತಿ, ಮರದ ಪಟ್ಟಿಗಳ ಅಟ್ಟಣೆಯ ಮೇಲಿಂದ ವೈಫೈ ಡಬ್ಬಿಯನ್ನು ಇಳಿಸಿ ಮೇಜಿನ ಮೇಲಿಟ್ಟ. ಕಪ್ಪು ಡಬ್ಬಿ, ಮೇಲೆಲ್ಲ ಮರದ ಹೊಟ್ಟು. ಎರಡು ಆಂಟೆನಾ ಕಡ್ಡಿಗಳು. ಒಂದು ನೆಟ್ಟಗಿತ್ತು. ಇನ್ನೊಂದು ಬುಡದಲ್ಲಿ ಮುರಿದಿತ್ತು. ಮುರಿದ ಜಾಗವನ್ನು ಗುಲಾಬಿ ಬಣ್ಣದ ಮೇಣದಿಂದ ಮೆತ್ತಿ ಕೂಡಿಸಿದ್ದರು.

ಡಬ್ಬಿಯನ್ನು ಎತ್ತಿ ಬೆಳಕಿಗೆ ಹಿಡಿದೆ.

ಆ ಗುಲಾಬಿ ನನಗೆ ಗೊತ್ತು. ಕಟ್ಟುಹಲ್ಲಿಗೆ ವಸಡು ಮಾಡುವ ಮೇಣದ ಬಣ್ಣ ಅದು. ಮದುವೆಯಾದ ಲಾಗಾಯ್ತಿನಿಂದ ನನ್ನ ಕಕ್ಷಿದಾರ ಅದನ್ನು ಊಟದ ಮೇಜಿನ ಅಂಚಿನಲ್ಲಿ, ಬಾಗಿಲ ಹಿಡಿಯ ಮೇಲೆ, ಒಮ್ಮೆ ತನ್ನ ಟೂತ್‌ಬ್ರಷ್ಷಿನ ಮೇಲೂ ಕಂಡಿದ್ದ. ಮೇಣವನ್ನು ಒತ್ತಿ, ಬಿಸಿ ಚಾಕುವಿನಿಂದ ಸವರಿ, ಹಲ್ಲಿನ ಬುಡದಂತೆ ಒಪ್ಪವಾಗಿ ದುಂಡಗೆ ಮಾಡಿತ್ತು. ಒಂದು ಕಡೆ ಹೆಬ್ಬೆರಳಿನ ಗುರುತು ಹಾಗೇ ಉಳಿದಿತ್ತು.

ಇನ್ನೇನು ಪುರಾವೆ ಬೇಕು? ಅವಳು ಇಲ್ಲಿ ಬಂದು, ಇವನ ಡಬ್ಬಿಯನ್ನು, ತನ್ನ ಕೈಯಾರೆ.

"ಇದನ್ನ ಅಂಟಿಸಿದ್ದು ಯಾರು?" ಎಂದು ಕೇಳಿದೆ.

"ಬರೋವಾಗಲೇ ಹಾಗಿತ್ತು ಸರ್. ಸೇತುವೆ ಪಕ್ಕ ಹಳೇ ಎಲೆಕ್ಟ್ರಾನಿಕ್ ಸಾಮಾನು ಮಾರ್ತಾರಲ್ಲ, ಅಲ್ಲಿ ತಗೊಂಡಿದ್ದು. ಮೇಣ ಕಿತ್ತು ಬೇರೆ ಅಂಟು ಹಾಕೋಣ ಅಂದ್ಕೊಂಡೆ. ಆದ್ರೆ ನೋಡಿ, ಎಷ್ಟು ಅಚ್ಚುಕಟ್ಟಾಗಿ ಮಾಡಿದ್ದಾರೆ. ಕೀಳೋಕೆ ಮನಸ್ಸೇ ಬರ್ಲಿಲ್ಲ."

ಅವನು ಆ ಮೇಣವನ್ನು ಬೆರಳ ತುದಿಯಿಂದ ಮೆಲ್ಲಗೆ ಮುಟ್ಟಿದ. ಒಬ್ಬ ಕೆಲಸಗಾರ ಇನ್ನೊಬ್ಬ ಕೆಲಸಗಾರನ ಕೆಲಸವನ್ನು ಮುಟ್ಟುವ ಹಾಗೆ.

ಅದು ನನಗೆ ಚುಚ್ಚಿತು. ಆ ಕಡ್ಡಿಯನ್ನು ಅವಳು ಸರಿಮಾಡಿದ ದಿನ ನನ್ನ ಕಕ್ಷಿದಾರ ತಿರುಗಿಯೂ ನೋಡಿರಲಿಲ್ಲ. ಸಿಗ್ನಲ್ ಬಂತಾ ಅಂತ ಮಾತ್ರ ಕೇಳಿದ್ದ.

ಹೌದು. ಆ ದಿನ ನನಗೆ ಆಗಷ್ಟೇ ನೆನಪಾಯಿತು.

"ಅಂಗಡಿಯವನಿಗೆ ಇದನ್ನ ಮಾರಿದ್ದು ಯಾರಂತೆ?" ಎಂದು ಮೆಲ್ಲಗೆ ಕೇಳಿದೆ.

"ಯಾರೋ ದಪ್ಪ ಮೀಸೆಯವರಂತೆ. ಇದು ಸಾಮಾನ್ಯ ಡಬ್ಬಿ ಅಲ್ಲ, ಚಂದ್ರಲೋಕದಿಂದ ಸಿಗ್ನಲ್ ಎಳೆಯುತ್ತೆ, ಇದನ್ನ ಕೊಳ್ಳೋಕೆ ಮೂರು ದೇಶದವರು ತನ್ನ ಮನೆ ಮುಂದೆ ಸಾಲಾಗಿ ನಿಂತಿದ್ರು ಅಂದ್ರಂತೆ. ಅಂಗಡಿಯವನು ನಗಾಡ್ತಾ ಹೇಳ್ದ."

ನಾನು ಮೀಸೆಯನ್ನು ಕೈಯಿಂದ ಮುಚ್ಚಿಕೊಂಡು ಕೆಮ್ಮಿದೆ.

ನಡೆದದ್ದು ಇಷ್ಟು. ಆ ಡಬ್ಬಿ ವರ್ಷಗಟ್ಟಲೆ ನನ್ನ ಕಕ್ಷಿದಾರನ ಮನೆಯಲ್ಲೇ ಇತ್ತು. ಹೋಮ್ ೭೭೩ ಎಂಬುದು ಕಾರ್ಖಾನೆಯವರು ಇಟ್ಟ ಹೆಸರು. ಹೊಸ ಡಬ್ಬಿ ತಂದ ಮೇಲೆ ಹಳೆಯದನ್ನು ಅವನು ಹಾಗೇ ಸಾಗಹಾಕಿದ. ಹಿಂಭಾಗದ ಸಣ್ಣ ತೂತಿಗೆ ಪಿನ್ನು ಚುಚ್ಚಿ ಹಿಡಿದರೆ ಅದು ಹಿಂದಿನ ಜನ್ಮವನ್ನೆಲ್ಲ ಮರೆಯುತ್ತದೆ, ಆದರೂ ಕೆಳಗೆ ಅಚ್ಚಾದ ಹೆಸರು, ಪಾಸ್‌ವರ್ಡ್ ಅವೇ. ಮೊದಲು ನನ್ನ ಕಕ್ಷಿದಾರನೂ, ಆಮೇಲೆ ಚೌಕಟ್ಟಿನವನೂ ಅವನ್ನು ಬದಲಿಸದೆ ಬಳಸಿದರು. ಲ್ಯಾಪ್‌ಟಾಪಿನಲ್ಲಿ ಟಿಕ್ ಗುರುತು ಹಾಗೇ ಇತ್ತು. ಪಾಪದ ಪ್ರಾಣಿ ಅಂಗಡಿಯನ್ನು ಗುರುತಿಸಿರಲಿಲ್ಲ. ಹಳೆಯ ಮನೆಯನ್ನು ಗುರುತಿಸಿತ್ತು.

ಮತ್ತೆ ಆ ಹೆಸರು ಕಣ್ಣಿಗೆ ಬಿದ್ದಾಗ ನನ್ನ ಕಕ್ಷಿದಾರನಿಗೆ ಯಾಕೆ ಹೊಳೆಯಲಿಲ್ಲ? ದಿನಾ ಬೆಳಗಾದರೆ ತಾನಾಗಿಯೇ ಸೇರಿಕೊಳ್ಳುವುದರ ಹೆಸರನ್ನು ಯಾರು ಓದುತ್ತಾರೆ?

ಆದರೂ ನನ್ನ ಎದೆಯ ಮೇಲಿಂದ ಬಂಡೆ ಇಳಿಯಿತು. ಬೆಟ್ಟವೇ ಇಳಿಯಿತು ಅನ್ನಿ.

"ಹಾಗಾದ್ರೆ ಅವಳು ಇಲ್ಲಿಗೆ ಬಂದೇ ಇಲ್ಲ" ಅಂದೆ. "ನನಗೆ ಮೊದಲೇ ಗೊತ್ತಿತ್ತು. ಸುಮ್ಮನೆ ನಿಮ್ಮನ್ನ ಪರೀಕ್ಷೆ ಮಾಡ್ದೆ. ನನ್ನ ಕಕ್ಷಿದಾರನಿಗೆ ಈಗಲೇ ತಿಳಿಸ್ತೀನಿ, ಕುಣಿದುಬಿಡ್ತಾನೆ."

ಚೌಕಟ್ಟಿನವನು ಪರದೆಯ ಕಡೆ ಮತ್ತೊಮ್ಮೆ ನೋಡಿದ. ಉಜ್ಜುಕಾಗದವನ್ನು ನಾಲ್ಕಾಗಿ ಮಡಚಿದ.

"ಆ ಕಡ್ಡಿ ಮುರಿದಿದ್ದು ಹೇಗೆ ಅಂತಾನೂ ತಿಳಿಸಿಬಿಡಿ" ಎಂದಿತು ಪರದೆಯ ಹಿಂದಿನಿಂದ ಒಂದು ದನಿ.

ಹೆಂಗಸಿನ ದನಿ.

ಪರದೆ ಸರಿಯಿತು. ಕಟ್ಟುಹಲ್ಲಿನವಳು ನಿಂತಿದ್ದಳು. ಕ್ಯಾನ್ವಾಸಿನ ಏಪ್ರನ್ ತೊಟ್ಟಿದ್ದಳು. ಅದು ಅವಳ ಮೈಗೆ ಸರಿಯಾಗಿ ಕೂತಿತ್ತು, ಆ ಹೊತ್ತಿಗೆ ಎರವಲು ತಂದದ್ದಲ್ಲ. ಒಂದು ಹುಬ್ಬಿನ ಮೇಲೆ ಚೌಕಟ್ಟುಗಳಿಗೆ ಬಳಿಯುವ ಚಿನ್ನದ ಬಣ್ಣದ ಧೂಳು.

"ಒದ್ದೆ ಕಾಲುಚೀಲ ನೇತುಹಾಕಿ ಮುರಿದಿದ್ದು" ಎಂದು ಚೌಕಟ್ಟಿನವನಿಗೆ ಹೇಳಿದಳು. "ಡಬ್ಬಿ ಬಿಸಿಯಾಗಿರುತ್ತೆ, ಬೇಗ ಒಣಗುತ್ತೆ ಅಂತ."

"ಓ" ಅಂದ ಅವನು.

ನಾನು ಸುಲಭಕ್ಕೆ ಸೋಲುವವನಲ್ಲ. ನೆಟ್ಟಗೆ ನಿಂತೆ. "ನೋಡಿ ಅಮ್ಮಾ, ತಮ್ಮ ಯಜಮಾನರು ನನ್ನನ್ನ ನೇಮಿಸಿದ್ದಾರೆ. ತಾವು ಸಮಾಧಾನವಾಗಿ ಉತ್ತರ ಕೊಟ್ರೆ..."

"ತಾವಂತೆ" ಅಂದಳು. "ಲ್ಯಾಪ್‌ಟಾಪ್ ನಿಧಾನ ಆಗಿದೆ, ರಿಪೇರಿ ಮಾಡಿಸ್ಕೊಂಡು ಬರ್ತೀನಿ ಅಂತ ಎತ್ಕೊಂಡು ಹೋದ್ರಲ್ಲ. ರಿಪೇರಿ ಅಂಗಡಿ ಇದೇನಾ? ಹಲ್ಲಿನ ನಕ್ಷೆ ಎಲ್ಲಾ ಅದರಲ್ಲೇ ಇದೆ. ಅಲ್ಲಿ ಒಬ್ಬರು ಅಜ್ಜಿ ನಿಮ್ಮ ದೆಸೆಯಿಂದ ಬೊಚ್ಚುಬಾಯಲ್ಲಿ ಗಂಜಿ ಕುಡೀತಾ ಕೂತಿದ್ದಾರೆ."

ಚೌಕಟ್ಟಿನವನು ನನ್ನನ್ನು ನೋಡಿದ, ಅವಳನ್ನು ನೋಡಿದ, ಕೊನೆಗೆ ನನ್ನ ಮೀಸೆಯನ್ನು ನೋಡಿದ.

"ನಾನು ಸ್ವಲ್ಪ ಗಾಜು ಕತ್ತರಿಸ್ತೀನಿ" ಎಂದು ಅಂಗಡಿಯ ಮುಂಭಾಗಕ್ಕೆ ಹೋಗಿ ನಮಗೆ ಬೆನ್ನು ಹಾಕಿ ನಿಂತ.

ಅವಳು ಅಂಗೈಗಳನ್ನು ಏಪ್ರನ್ನಿಗೆ ಒರೆಸಿಕೊಂಡಳು. ಕೋಪ ಮಾಡಿಕೊಂಡಿದ್ದರೆ ನಿಭಾಯಿಸುತ್ತಿದ್ದೆ. ಕೋಪ ಇರಲಿಲ್ಲ.

"ಯಾರ್ರೀ ನಿಮ್ಮ ಕಕ್ಷಿದಾರ?"

"ಹೆಸರು ಹೇಳೋ ಹಾಗಿಲ್ಲ" ಅಂದೆ. "ವೃತ್ತಿಧರ್ಮ."

"ಸರಿ. ಹೇಳ್ಬೇಡಿ. ಅವರಿಗೆ ಒಂದು ಮಾತು ತಲುಪಿಸ್ತೀರಾ?"

"ತಲುಪಿಸ್ತೀನಿ."

"ಲ್ಯಾಪ್‌ಟಾಪ್ ಇಲ್ಲಿಗೆ ಬಂದಿದ್ದು ಇವತ್ತೇ ಮೊದಲು. ಅದರ ಮೇಲೆ ತಪ್ಪು ಹೊರಿಸಬೇಡಿ ಅನ್ನಿ." ಅವಳು ಹುಬ್ಬಿನ ಮೇಲಿನ ಧೂಳು ಒರೆಸಿಕೊಂಡಳು. "ಆದರೆ ಅವರ ಹೆಂಡತಿ ಬರ್ತಾ ಇದ್ದಾಳೆ. ತುಂಬಾ ದಿನದಿಂದ ಬರ್ತಾ ಇದ್ದಾಳೆ. ಯಾಕೆ ಅಂತ ಅವರು ಎದುರಿಗೆ ನಿಂತು ಕೇಳಿದ್ರೆ ಹೇಳ್ತಾಳಂತೆ. ಚಪ್ಪಲಿ ಮೂಸಿ ನೋಡಿದ್ರೆ ಹೇಳಲ್ಲ. ಪತ್ತೇದಾರರನ್ನ ಕಳಿಸಿದ್ರೂ ಹೇಳಲ್ಲ."

ಮುಂಭಾಗದಲ್ಲಿ ಗಾಜಿನ ಮೇಲೆ ವಜ್ರದ ಮೊನೆ ಕಿರ್ ಎಂದು ಎಳೆದ ಸದ್ದು.

"ಯಾವಾಗ ತಲುಪಿಸ್ತೀರಿ?" ಅಂದಳು.

"ತಲುಪಿತು."

"ಇಷ್ಟು ಬೇಗ?"

"ಇಲ್ಲೇ ಇದ್ದಾನೆ" ಅಂದೆ.

ಓದುಗರೇ, ನಿಮ್ಮಲ್ಲಿ ಚುರುಕಾದವರಿಗೆ ಆಗಲೇ ಗೊತ್ತಾಗಿರುತ್ತದೆ. ಕಕ್ಷಿದಾರ ಅಂತ ಯಾರೂ ಇಲ್ಲ. ನನ್ನನ್ನು ಯಾರೂ ನೇಮಿಸಿರಲಿಲ್ಲ. ಈಜು ಕಲಿಸುವವನ ಭುಜವನ್ನು ಕತ್ತಲಲ್ಲಿ ಅಳೆಯುತ್ತ ಮಲಗಿದವನು ನಾನು. ಮಂಚದ ಕೆಳಗಿನ ಗಂಟುಮೂಟೆ ನನ್ನದು. ಅದರಲ್ಲಿ ಎರಡು ಷರ್ಟು, ಒಂದು ದಿಂಬಿನ ಚೀಲ ಇವೆ. ದಿಂಬಿನ ಚೀಲ ಅವಳದು. ಯಾಕೆ ಇಟ್ಟುಕೊಂಡೆ ಎಂದು ಕೇಳಬೇಡಿ. ಅವಳು ನನ್ನ ಹೆಂಡತಿ, ಅವಳನ್ನು ಅವಳ ಪಾಡಿಗೆ ಬಿಟ್ಟು ಬದುಕುವುದು ನನಗೆ ಗೊತ್ತಿಲ್ಲ, ಅವಳನ್ನು ನೇರವಾಗಿ ಕೇಳುವ ಎದೆಯೂ ನನಗಿರಲಿಲ್ಲ. ಅದಕ್ಕೇ ಇಷ್ಟು ಕಂತು ಬರೆದೆ.

"ಯಾಕೆ ಬರ್ತೀಯಾ ಇಲ್ಲಿಗೆ?" ಎಂದು ಕೇಳಿದೆ. ದನಿ ನನ್ನದೇ ಅನ್ನಿಸಲಿಲ್ಲ, ಅಷ್ಟು ಸಣ್ಣದಾಗಿತ್ತು.

ಅವಳು ಪರದೆಯನ್ನು ಒಂದು ಕಡೆಗೆ ಸರಿಸಿ ಹಿಡಿದಳು. "ಒಳಗೆ ಬನ್ನಿ."

ಚೌಕಟ್ಟಿನವನು ಅಂಗಡಿಯ ಮುಂದೆ, ನನ್ನ ಕಣ್ಣೆದುರಿಗೇ, ಗಾಜಿನ ಮೇಲೆ ಬಗ್ಗಿ ನಿಂತಿದ್ದ.

ಒಳಗಿನ ಕೋಣೆಯಲ್ಲಿ ಯಾರೋ ಕೆಮ್ಮಿದರು. ಗಂಡಸಿನ ಕೆಮ್ಮು. ಆಮೇಲೆ ಕುರ್ಚಿ ಸರಿದ ಸದ್ದು, ಯಾರೋ ಎದ್ದು 'ಬಂದ್ರಾ ಕೊನೆಗೂ' ಎಂದು ಅವಳನ್ನು ಕೇಳಿದ ಸದ್ದು.

ಆ ದನಿ ಯಾರದೆಂದು ನನಗೆ ಗೊತ್ತಿಲ್ಲ. ಇಷ್ಟು ದಿನದಲ್ಲಿ ನಾನು ನಿಮಗೆ ಹೇಳಿದ ಮೊದಲ ನಿಜ ಇದೇ. ಆ ಕೋಣೆಯ ಬಾಗಿಲು ಅಷ್ಟು ಹತ್ತಿರದಲ್ಲಿತ್ತು, ಆದರೂ ನನಗೆ ಹೆಜ್ಜೆ ಎತ್ತಲಾಗಲಿಲ್ಲ.